ನಗುವ ದೃಷ್ಟಿಬೊಂಬೆ

ತಾಂಬಾದ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಮಾತ್ರ ಬೀಗರ ಹಾಗೆ ಕೂತುಬಿಡುತ್ತದೆ. ಆ ಸಂಜೆ ನಿಂಬೆಹಣ್ಣು ಕೊಳ್ಳಲು ಇಂಡಿ ಪಟ್ಟಣದಿಂದ ಹೋಗಿದ್ದ ನಾನು, ಹಣ್ಣು ಬಿಡಿಸಲು ಬಂದಿದ್ದ ನಾಲ್ವರು ಹೆಂಗಸರು, ಎಲ್ಲರೂ ಪೀರಬಿ ಅಜ್ಜಿಯ ತೋಟದ ತಗಡಿನ ಶೆಡ್ಡಿನಲ್ಲಿ ಸಿಕ್ಕಿಬಿದ್ದೆವು. ಅವರಲ್ಲಿ ಒಬ್ಬಳಾದ ಮರೆವ್ವನ ತೊಡೆಯ ಮೇಲೆ ಅವಳ ಐದು ವರ್ಷದ ಮಗಳಿದ್ದಳು. ಎಂಬತ್ತು ದಾಟಿದ ಅಜ್ಜಿ ರಾಶಿಯ ಮುಂದೆ ಕೂತು ಸಣ್ಣ ಹಣ್ಣು, ದೊಡ್ಡ ಹಣ್ಣು ಬೇರೆ ಮಾಡುತ್ತಿದ್ದಳು. ಮೂಲೆಯಲ್ಲಿ ಬಿಳಿ ಅಮೃತಶಿಲೆಯ ತಲೆಯೊಂದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಮಣಿ ಪೋಣಿಸಿದಂಥ ಕಲ್ಲಿನ ಜಡೆಗಳಷ್ಟೇ ನಮಗೆ ಕಾಣುತ್ತಿದ್ದವು. ಅದನ್ನೇಕೆ ಹಾಗೆ ತಿರುಗಿಸಿಟ್ಟಿದ್ದೀರಿ ಎಂದು ಕೇಳಿದೆ. ಅಜ್ಜಿ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು.

"ಕೇಳ್ರಿ ಹಂಗಾದ್ರ... ಮಳಿ ನಿಂದ್ರೂತನಾ ನಿಮಗೂ ಕೆಲಸಿಲ್ಲ, ನನಗೂ ಇಲ್ಲ. ನನ್ನ ಮಗ ಕುತುಬುದ್ದೀನ ಗ್ರೀಸ್ ದೇಶಕ್ಕ ನಿಂಬಿ ತ್ವಾಟದಾಗ ದುಡಿಯಾಕ ಹೋಗಿದ್ನಲ್ಲ, ಅಲ್ಲಿ ಸಸಿ ಹಚ್ಚಾಕ ಕುಣಿ ತೋಡಿದ್ರ ಈ ತಲಿ ಸಿಕ್ತಂತ. ಎರಡೂವರಿ ಸಾವಿರ ವರ್ಷದ್ದು, ಯಾವನೋ ಹರೇದ ಹುಡುಗನ ಗೋರಿ ಮ್ಯಾಲ ನಿಂದ್ರಿಸಿದ್ದ ಮೂರ್ತಿದು, ಸರಕಾರಕ್ಕ ಗೊತ್ತಾದ್ರ ನನ್ನ ಹೊಲಾನ ಹೋಗತೈತಿ, ಸಮುದ್ರಕ್ಕ ಒಗದು ಬಾ ಅಂದ್ನಂತ ಆ ತ್ವಾಟದ ಧಣಿ. ಕಣ್ಣು ಮೂಗು ಇದ್ದ ಮಾರೀನ ಹ್ಯಾಂಗ ಒಗಿಯೂದು, ಹೇಳ್ರಿ? ಕಂಬಳ್ಯಾಗ ಸುತ್ತಿ ಮನಿಗೆ ತಂದ.

"ತಂದು ಏನ ಮಾಡ್ದ? ಆಗ ಹೊಸಾ ಮನಿ ಕಟ್ಟಿಸಾಕತ್ತಿದ್ದ, ದೃಷ್ಟಿ ಆಗಬಾರದಂತ ಮಾಳಗಿ ಮ್ಯಾಲ ಇಟ್ಟ, ಶಾಣ್ಯಾ. ದೃಷ್ಟಿಬೊಂಬಿ ಹ್ಯಾಂಗಿರಬೇಕು? ಕಣ್ಣು ಕಿಸದು, ನಾಲಿಗಿ ಚಾಚಿ, ಬಂದವ್ರು ಹೊಳ್ಳಿ ಓಡೂವಂಗ ಇರಬೇಕು. ಇದು ನಗತೈತಿ... ಕಣ್ಣಾಗ ನಗಿ ಇಲ್ಲ, ತುಟ್ಯಾಗಷ್ಟ. ಸತ್ತವ್ರ ಬಾಗಲಾ ಕಾದ ಮಾರಿ, ನಮ್ಮ ಬಾಗಲಾ ನೋಡಿ ನಕ್ರ ಏನಂದಂಗಾತು? ಬರ್ರಿ ಅಂದಂಗಾತು.

"ಬಂದ್ರು. ಮೊದಲ ಬದುಕಿದ್ದವ್ರ ಬಂದ್ರು. ಸಿಂದಗಿ ಬೀಗರು ಬಂದ್ರು, ಹತ್ತು ವರ್ಷ ಮಾತು ಬಿಟ್ಟಿದ್ದ ನಾಲತವಾಡದ ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ, ಆಕಿ ಸೈತ ಬಂದಳು. ಚಾ ಸೋಸಿ ಸೋಸಿ ನಮ್ಮ ಸೊಸಿ ಕೈ ಸೋತು, ನನಗ ಹಿಗ್ಗು. ಆಮ್ಯಾಲ... ಒಂದಿನ ಮಳ್ಯಾಗ ಕಟ್ಟಿ ಮ್ಯಾಲ ಯಾರೋ ಕುಂತಂಗಿತ್ತು, ಕೆಲಸದ ಗಡಿಬಿಡ್ಯಾಗ ಮಾರಿ ನೋಡ್ದ ಚಾ ಇಟ್ಟು ಬಂದೆ. ಹೊಳ್ಳಿ ಹೋಗಿ ನೋಡಿದ್ರ ಕಪ್ಪು ತುಂಬಿದಂಗ ಐತಿ, ಚಾಕ್ಕ ಕೆನಿ ಕಟ್ಟೈತಿ. ಕುಂತ ಜಾಗಾದಾಗ ಬರೇ ನೀರು.

"ಮರುದಿನ ಮೊಮ್ಮಗಳು ತರನ್ನುಮ, ಆಗ ಐದು ವರ್ಷದಾಕಿ, ನನ್ನ ಮುಂದ ಹೇಳ್ತಾಳ, ದಾದಿಮಾ, ಒಂದು ಹುಡುಗಿ ಆಡಾಕ ಬರ್ತಾಳ, ಆಕಿ ಜಡಿ ಹಸೀನ ಇರತೈತಿ, ಒಂದು ಕಾಲಾಗ ಗೆಜ್ಜಿ ಇಲ್ಲ... ಇರೂದ್ಹ್ಯಾಂಗ? ಆ ಗೆಜ್ಜಿ ನನ್ನ ಟ್ರಂಕಿನ್ಯಾಗ ಐತಿ. ನನ್ನ ಹಿರೇ ಮಗಳು ನಜಮಾ, ಆರು ವರ್ಷದಾಕಿ, ಇಂಥಾದ ಮಳ್ಯಾಗ ಹಳ್ಳಕ್ಕ ಹೋದಾಕಿ. ಹೆಣಕ್ಕಿಂತ ಮೊದಲ ದಂಡಿಮ್ಯಾಗ ಸಿಕ್ಕದ್ದು ಆ ಗೆಜ್ಜಿ. ಆಗ ಆಕಿ ಸತ್ತು ನಲವತ್ತು ವರ್ಷ ಆಗಿತ್ತು.

"ಅಷ್ಟು ಹೇಳಿ ಕೂಸು ಹೊರಗ ಓಡಿತ್ತು, ನಾ ಎದ್ದು ನಿಂತೆ. ತರನ್ನುಮ ಅಂಗಳದಾಗ ಇಲ್ಲ. ಮಳಿ ಹಿಡದೈತಿ. ಮಾಳಗಿ ಮ್ಯಾಲಿನ ಆ ತಲಿ ತಿರುವೋ ಅಂತ ಕುತುಬನಿಗೆ ಒದರಿ ಹಳ್ಳಕ್ಕ ಓಡಿದೆ. ಕೂಸು ಮೊಣಕಾಲ್ತನಾ ನೀರಾಗ ಐತಿ, ಒಂದು ಕೈ ಮುಂದ ಚಾಚೈತಿ, ಆ ಕೈ ಹಿಡದು ನಿಂತಾಳ ನನ್ನ ನಜಮಾ. ಅದ ಲಂಗಾ, ಅದ ಹಸೀ ಜಡಿ. ಒಂದಸಲ ತೋರಸಪ್ಪಾ ಅಂತ ನಲವತ್ತು ವರ್ಷ ಬೇಡಿದ್ದೆ... ತೋರಿಸಿದ್ರ, ಕಣ್ತುಂಬ ನೋಡಾಕ ಪುರಸೊತ್ತಿಲ್ಲ. ಬಿಡವಾ, ಆಕಿ ನಿನ್ನ ತಮ್ಮನ ಮಗಳು ಅಂದೆ. ನನ್ನ ಮಾರಿ ನೋಡಿದಳು. ಕೈ ಬಿಟ್ಟಳು.

"ಇತ್ತ ತರನ್ನುಮ ಬಾಯಿ ತಗದು ಅಳಾಕ ಹತ್ತಿದಳು. ಆ ಅಳು ಕೇಳಿ ನನಗ ಜೀವ ಬಂತು ನೋಡ್ರಿ. ಕೂಸನ್ನ ಎದಿಗೆ ಅವಚಿಕೊಂಡು ಮಳ್ಯಾಗ ಕುಂತು ನಕ್ಕೆ, ಹುಚ್ಚಿ ನಕ್ಕಂಗ. ಅವತ್ತಿಂದ ಈ ತಲಿ ಗ್ವಾಡಿ ನೋಡತೈತಿ, ಮನಿಗೆ ಬಂದವ್ರು ಚಾ ಕುಡದ ಹೋಗ್ತಾರ. ಈಗ ತರನ್ನುಮ ಬಾಗೇವಾಡ್ಯಾಗ ನರ್ಸ್. ಗುಳಿಗಿ ನುಂಗಿಲ್ಲಂತ ನಿನ್ನೆ ಫೋನಿನ್ಯಾಗ ನನಗ ಬೈದಳು."

ನಾವೆಲ್ಲ ಒಮ್ಮೆಲೇ ಉಸಿರು ಬಿಟ್ಟು ನಕ್ಕೆವು. ತಗಡಿನ ಮೇಲಿನ ಸದ್ದೂ ಸಣ್ಣಗಾಗಿತ್ತು. ಅಂದರೆ ನಜಮಾ ಮತ್ತೆ ಬರಲಿಲ್ಲವಲ್ಲ ಎಂದು ನಾನು ಸಮಾಧಾನದಿಂದಲೇ ಕೇಳಿದೆ.

ಅಜ್ಜಿ ರಾಶಿಯಿಂದ ಇನ್ನೊಂದು ಹಣ್ಣು ಎತ್ತಿಕೊಂಡಳು.

"ಅಲ್ಲೇ ನಾ ತಪ್ಪಿದೆ. ಕೈ ಬಿಟ್ಟಾಗ ಆಕಿಗೆ ಹೋಗು ಅನ್ನಬೇಕಿತ್ತು. ಆದ್ರ ಮನಿ ಮಗಳನ್ನ ಕಳಿಸೂ ಮುಂದ ಯಾರರೆ ಹೋಗು ಅಂತಾರೇನ್ರಿ? ಹಡದ ಕರಳು... ಹೋಗಿ ಬಾರವಾ ಅಂದ್ಬಿಟ್ಟೆ."

ಮರೆವ್ವನ ಮಗಳು ಬಾಗಿಲ ಕಡೆ ನೋಡಿ ನಗುತ್ತ ತೊಡೆಯಿಂದ ಕೆಳಗೆ ಜಾರುತ್ತಿದ್ದಳು. ಅಜ್ಜಿ ತಲೆ ಎತ್ತಲಿಲ್ಲ.

"ಮಳಿ ಪೂರಾ ನಿಂದ್ರೂತನಾ ಆಕಿನ್ನ ಇಳಿಸಬ್ಯಾಡ, ಮರೆವ್ವಾ."