ಒಂದು ಬುಟ್ಟಿ ಸೀತನಿ

ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ನಿಲಂಗಾ ಬಸ್ಸಿಗೆ ಕಾಯುತ್ತಿದ್ದ ಯೋಗಿತಾಳಿಗೆ ಪಕ್ಕದ ಬೆಂಚಿನ ಜಗಳ ಬೇಡವೆಂದರೂ ಕಿವಿಗೆ ಬಿತ್ತು. ಹೊಲದೊಡತಿ ಕಾಂತಾಬಾಯಿ, ಶಾಲೆಯಲ್ಲಿ ಅಡುಗೆ ಮಾಡುವ ಬಂಡಮ್ಮನ ಮೇಲೆ ಹರಿಹಾಯುತ್ತಿದ್ದಳು.

“ಊರ ಹೊಲದಾಗ ಬೆಳದದ್ದು ಸಾಲಿ ಊಟಕ್ಕ ಕೊಡ್ರಿ ಅಂತ ನೀವು ಸಾಲಿಯವರೇ ಮೀಟಿಂಗಿನ್ಯಾಗ ಹೇಳಿದ್ರಿ. ಎಳೀ ಜೋಳ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ಕಳಿಸಿದ್ರ, ಬುಟ್ಟಿ ಹಂಗೇ ತಿರುಗಿ ಕಳಿಸೀದಿ?”

“ನಾ ಏನ್ ಮಾಡ್ಲಿ ಅಕ್ಕಾ? ದಿನಾ ಖಿಚಡಿ ತಿಂದು ಬ್ಯಾಸತ್ತ ಹುಡುಗ್ರು ತಾಟು ಹಿಡಕೊಂಡು ಕುಂತಿದ್ವು. ಅಷ್ಟರಾಗ ತಪಾಸಣಿ ಸಾಹೇಬ ಬಂದ. ಹೊಲದ್ದು ಸೀದಾ ಕೊಡಬ್ಯಾಡ, ಮಕ್ಕಳ ಹೊಟ್ಟಿ ಕೆಟ್ರ ಜಿಮ್ಮೇದಾರಿ ಯಾರದು ಅಂದ.”

“ಯಾವ ಸಾಹೇಬ? ಕೆಂಪು ಮಫ್ಲರಿನಂವಾ?”

“ಹೌದ್ರಿ, ಅಂವನೇ. ನೀವೆಲ್ಲಿ ನೋಡಿದ್ರಿ?”

“ಅವತ್ತೇ ಸಂಜಿಗಿ ನಮ್ಮ ಹೊಲದಾಗ! ಸೀತನಿ ತಿನ್ನಾಕ ನಮ್ಮ ಮೈದುನ ಕರೆದಿದ್ದ. ಕಂಬಳಿ ಮ್ಯಾಲ ಕುಂತು, ಖಾರದ ಶೇಂಗಾ ಹಿಂಡಿ ಹಚ್ಚಿಕೊಂಡು ಮೂರು ತಾಟು ತಿಂದ!”

“ಅವನ ಬಾಯಾಗ ಮಣ್ಣು ಬೀಳ್ಲಿ!”

ಮುರುಮ್ ಊರಿಗೆ ಹೋಗುವ ಬಸ್ ಬಂತು. ಇಬ್ಬರೂ ಓಡಿದರು. ಮೆಟ್ಟಿಲ ಮೇಲೆ ಕಾಂತಾಬಾಯಿ ಹಿಂತಿರುಗಿ ಬಂಡಮ್ಮನತ್ತ ನೋಡಿದಳು.

“ಹೋಗೂಮುಂದ ಒಂದು ಪಿಶವಿ ಚೀಲ ತುಂಬ ಸೀತನಿ ಹಾಕಿಸಿಕೊಂಡ. ಯಾರಿಗ್ರಿ ಸಾಹೇಬ್ರ, ಅಂದೆ. ‘ನಮ್ಮ ಮಕ್ಕಳಿಗಿ’ ಅಂದ.”