ಬೇಲಿಯ ಮೇಲಿನ ಚೀಲಗಳು

ನಾನೀಗ ಇರುವ ಸೊಲ್ಲಾಪುರದಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ನಗಲಿ.

ಎಂಬತ್ನಾಲ್ಕನೇ ಇಸವಿ. ನಮ್ಮ ದೊಡ್ಡಪ್ಪನ ಮಗಳು ತಿಪ್ಪವ್ವ ಆಡೂರಿನಲ್ಲಿ ಗೆಳತಿಯ ಹೆರಿಗೆ ನೋಡಿಕೊಂಡು ರಾತ್ರಿ ಒಬ್ಬಳೇ ಬರುತ್ತಿದ್ದಳು. ನಮ್ಮೂರ ಕೆರೆಯೇರಿಯ ಆಲದ ಹತ್ತಿರ ಕೇಳಿಸಿತು. ಚರ್... ಚರ್... ಪ್ಲಾಸ್ಟಿಕ್ ಚೀಲವನ್ನು ಬೆರಳಲ್ಲಿ ತಿಕ್ಕಿದಂತೆ. ಗಾಳಿ ಇರಲಿಲ್ಲ.

ಆ ಸದ್ದು ಅವಳಿಗೆ ಗೊತ್ತಿತ್ತು.

ಆ ಮಳೆಗಾಲ ಕೆರೆಯಂಗಳದ ಜೌಗಿನಲ್ಲಿ ಹಳೆಯ ಅಡವಿಯನ್ನು ಮತ್ತೆ ಎಬ್ಬಿಸಲು ಊರೇ ಇಳಿದಿತ್ತು. ಕೂಲಿಯಿಲ್ಲ, ಶ್ರಮದಾನ. ಬರೀ ಜಾಲಿ ಉಳಿದಿದ್ದಲ್ಲಿ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ. ಪ್ಲಾಸ್ಟಿಕ್ ಚೀಲಗಳಲ್ಲಿ ಸಸಿ ಬೆಳೆಸಿದವಳು ಉಡಚವ್ವಜ್ಜಿ. "ಒಂದ ಜಾತಿ ಇದ್ರ ಅದು ಹೊಲಾ, ಅಡವಿ ಅಲ್ಲ" ಅನ್ನುತ್ತಿದ್ದಳು. ಚೀಲ ಬಿಚ್ಚಿ ನೆಟ್ಟು, ಖಾಲಿ ಚೀಲ ಅವಳಿಗೆ ಕೊಡಬೇಕು. ಅವನ್ನು ಬೆರಳಲ್ಲಿ ತಿಕ್ಕಿ ತೊಳೆದು, ಒಳಮಗ್ಗಲು ಹೊರಗೆ ಮಾಡಿ, ಬೇಲಿಯ ಮುಳ್ಳಿಗೆ ಸಿಗಿಸಿ ಒಣಗಿಸುತ್ತಿದ್ದಳು. ಮುಂದಿನ ವರ್ಷಕ್ಕೆ.

ಸಸಿ ನೆಡುವ ದಿನ ತಿಪ್ಪವ್ವನಿಗೆ ಹಾನಗಲ್ಲಿನ ಟೆಂಟ್ ಸಿನೆಮಾಕ್ಕೆ ಹೊತ್ತಾಗಿತ್ತು. ತನ್ನ ಸಾಲಿನ ಸಸಿಗಳನ್ನು ಚೀಲ ಸಮೇತ ಕೆಸರಿಗೆ ತುರುಕಿದಳು.

"ಚೀಲ ಎಲ್ಲದಾವ, ರಾಣಿ?" ಅಜ್ಜಿ ಕೇಳಿದಳು.

"ನೀರಾಗ ತೇಲಿ ಹೋದ್ವು ಬೇ. ಬಿಚ್ಚೇನಿ, ನಿನ್ನಾಣಿ!"

ಅಜ್ಜಿ ನಂಬಲಿಲ್ಲ. ಸಂಜೆ ತಾನೇ ನೋಡಲು ಹೋದಳು. ಬೆಳಿಗ್ಗೆ ಆ ಸಾಲಿನಲ್ಲೇ ಬೋರಲು ಬಿದ್ದು ಸತ್ತಿದ್ದಳು. ಮುಷ್ಟಿಯಲ್ಲಿ ಹರಿದ ಚೀಲ. ಬೆರಳು ಬಿಡಿಸಲಾಗದೆ ಹಾಗೇ ಹೂಳಿದರು.

ತಿಪ್ಪವ್ವ ಬಾಯಿ ಬಿಡಲಿಲ್ಲ. ಈಗ ಬಿಚ್ಚಲು ಹೋದರೆ ಸುಳ್ಳಾಣೆ ಬಯಲಾಗುತ್ತದೆ. ಸಸಿಗಳ ಎಲೆ ಹಳದಿಯಾಗತೊಡಗಿದವು...

"ತಿಪ್ಪೀ..." ಆ ರಾತ್ರಿ ಆಲದ ಕೆಳಗಿಂದ ಅಜ್ಜಿಯ ಪಿಸುದನಿ. "ಅವಕ್ಕ ಉಸುರು ಕಟ್ಟಾಕತ್ತೇತಿ..."

"ಅಜ್ಜೀ... ತಪ್ಪಾತು..."

"ಅಳೋದು ಆಮ್ಯಾಲ. ಮೊದ್ಲ ಬಿಚ್ಚು."

ಕೆಸರಿಗಿಳಿದಳು. ಒಂದೊಂದೇ ಕಿತ್ತು, ಹುಷಾರಾಗಿ ಚೀಲ ಬಿಚ್ಚಿ, ಮತ್ತೆ ನೆಟ್ಟಳು. ಮಣ್ಣು ಎಳೆಯುವಾಗ ಯಾರೋ ಸಸಿಯನ್ನು ನೆಟ್ಟಗೆ ಹಿಡಿಯುತ್ತಿದ್ದರು. ಅವಳು ತಲೆ ಎತ್ತಲಿಲ್ಲ. ಆ ಬೆರಳು ತಣ್ಣಗಿದ್ದವಂತೆ.

ಚೀಲಗಳನ್ನು ಸೆರಗಿನಲ್ಲಿ ತಂದು ಬಣವೆಯೊಳಗೆ ಬಚ್ಚಿಟ್ಟಳು. ನನ್ನ ಪಕ್ಕ ಮಲಗಿ ಎಲ್ಲ ಹೇಳಿದಳು. "ಮಂದಿಗೆ ಹೇಳಬ್ಯಾಡ" ಅಂದಳು.

ಬೆಳಗಾದಾಗ ಓಣಿಯೆಲ್ಲ ನಮ್ಮ ಬೇಲಿಯ ಮುಂದೆ ನಿಂತಿತ್ತು. ಮುಳ್ಳಿಗೊಂದು ಚೀಲ. ತೊಳೆದು, ಒಳಮಗ್ಗಲು ಹೊರಗೆ ಮಾಡಿದವು. ತಿಪ್ಪವ್ವ ಅಲ್ಲೇ ಎಲ್ಲರೆದುರು ಒಪ್ಪಿಕೊಂಡಳು.

ನಂಬಿ, ಬಿಡಿ. ಅವನ್ನು ಬೇಲಿಯಿಂದ ಬಿಡಿಸಿದವಳು ನಾನೇ. ಅವಳು ತಂದ ಚೀಲ ಒಂದೂ ಹರಿದಿರಲಿಲ್ಲ. ಕೊನೆಯ ಮುಳ್ಳಿನದು ಹರಿದಿತ್ತು... ಮುಷ್ಟಿಯಲ್ಲಿ ಹಿಡಿದ ಸುಕ್ಕು ಹಾಗೇ ಇತ್ತು.