ನಮ್ಮತ್ತೆಗೆ ಅಳೋಕೆ ಬಂದೋರು

ಅಂಗಲ್ಲ ಕಣ್ಲಾ ಮಗ, ಊರು ಮುಳುಗ್ತು ಅಂದ್ರೆ ಒಂದೇ ಏಟ್ಗೆ ಕೊಚ್ಕಂಡು ಹೋಯ್ತು ಅಂತಲ್ಲ. ಹೊಳೆಗೆ ಅಡ್ಡ ಕಟ್ಟೆ ಎದ್ದಂಗೆ ಎದ್ದಂಗೆ ನೀರು ವಸಿವಸಿನೇ ಏರ್ಕಂಡು ಬಂತು. ಮೊದ್ಲು ಗದ್ದೆ, ಆಮೇಲೆ ಮಾವಿನ ತೋಪು, ಆಮೇಲೆ ಹಟ್ಟಿ ಬಾಕ್ಲು. ಅಷ್ಟೊತ್ತಿಗೆ ನಾವೆಲ್ಲ ಪಾತ್ರೆ ಪಡಗ ಗಾಡಿಗೆ ತುಂಬ್ಕಂಡು ಹೊಂಟಾಗಿತ್ತು. ನಮ್ಮೂರ ಒಕ್ಲುಮಕ್ಳಿಗೆ ಹೊಲದ ಬದ್ಲು ಹೊಲ ಕೊಟ್ರು, ಅವ್ರು ಗುಂಪು ಗುಂಪಾಗಿ ಕೃಷ್ಣರಾಜಪೇಟೆ ಕಡೆ ಹೋದ್ರು. ನಾವು ಆಚಾರ್ರು, ಮರಗೆಲಸದೋರು, ನಮ್ಗೆ ಹೊಲ ಎಲ್ಲಿತ್ತು? ಹಿರೋಡೆ ತಾವ, ಈಗ ಪಾಂಡವಪುರ ಅಂತೀರಲ್ಲ, ಅದೇಯ, ಅಲ್ಲೊಂದು ಹೊಸ ಕೊಪ್ಲಲ್ಲಿ ಒಂದು ಮನೆ ಜಾಗ ಖಾಲಿ ಇತ್ತು, ಅಲ್ಲಿಗೆ ಬಂದ್ವಿ. ನಂಗಾಗ ಹದಿನಾರು. ಅಲ್ಲ, ಹದಿನೇಳು. ಮದ್ವೆಯಾಗಿ ಎರಡು ವರ್ಷ ಆಗಿತ್ತು, ಹದಿನೇಳೇಯ.

ಆ ಕೊಪ್ಲಲ್ಲಿ ಇದ್ದೋರೆಲ್ಲ ನೀರಲ್ಲಿ ಮುಳುಗ್ದ ಊರ್ನೋರೇ ಕಣ್ರಪ್ಪ, ಆದ್ರೆ ಒಂದೊಂದು ಬೀದಿದು ಒಂದೊಂದು ಊರು. ಬಾವಿ ತಾವ ಹೋದ್ರೂ ಅಷ್ಟೇ, ಇವ್ರೂರ್ನೋರು ಇವ್ರ ಜೊತೆ, ಅವ್ರೂರ್ನೋರು ಅವ್ರ ಜೊತೆ. ಬೈಯದಿಲ್ಲ, ಜಗ್ಳ ಇಲ್ಲ, ಮಾತಿಲ್ಲ ಅಷ್ಟೇ. ನಾನು ಬಿಂದಿಗೆ ಸೊಂಟಕ್ಕಿಟ್ಕಂಡು ಒಂದು ಕಡೆ ನಿಂತಿರ್ತಿದ್ದೆ, ಎಲ್ರೂ ಸೇದ್ಕಂಡು ಹೋದ್ಮೇಲೆ ಸೇದ್ಕಂಡು ಬತ್ತಿದ್ದೆ. ನಿಮ್ಮ ತಾತ ಪಟ್ಣದಲ್ಲಿ, ಗಂಜಾಂ ತಾವ, ಗಾಡಿಚಕ್ರ ಮಾಡೋರ ಹತ್ರ ಕೂಲಿಗಿದ್ರು. ಅಮಾಸೆಗೆ ನಮ್ಮೋರು ಉಳಿ ಮುಟ್ಟಕಿಲ್ವಲ್ಲ, ಅವತ್ತೊಂದಿನ ನಡ್ಕಂಡು ಬತ್ತಿದ್ರು. ಇನ್ನು ಇಪ್ಪತ್ತೊಂಬತ್ತು ದಿನ ಮನೇಲಿ ನಾನು, ನಮ್ಮತ್ತೆ. ಅತ್ತೆಗೆ ಕಣ್ಣು ಮಬ್ಬು. ಸಂಜೆ ಆದ್ರೆ ಗೋಡೆಗೊರಗ್ಕಂಡು ಹಳೇ ಊರಿನ ಬೀದಿ ಉದ್ದಕ್ಕೂ ಮಾತಲ್ಲೇ ನಡ್ಯೋಳು. "ಇದು ದೊಡ್ಡೇಗೌಡ್ರ ಹಟ್ಟಿ, ಪಕ್ಕದ್ದು ಗಾಣದೋರ್ದು, ಆ ಮಾರಿ ಸೊಸೆ ಹೆತ್ಳೋ ಇಲ್ವೋ, ಯಾರ್ ಕೇಳಾನಾ?" ಅಂತ. ನಾನು ಹೂಂ ಅಂತಿದ್ದೆ. ಇನ್ನೇನ್ ಅನ್ನದು, ನೀವೇ ಹೇಳಿ. ಒಂದೊಂದ್ಸಲ ರೇಗಿ, "ಆ ಹಟ್ಟಿ ಮೇಲೆ ಈಗ ಮೀನು ಓಡಾಡ್ತಾವೆ, ಸುಮ್ಕಿರತ್ತೆ" ಅಂದ್ಬುಟ್ಟಿದ್ದೀನಿ. ಅಂದಿದ್ದು ಉಂಟು.

ಪಕ್ಕದ ಮನೇಲಿ ಚಿಕ್ಕತಾಯಮ್ಮ ಅಂತ ಒಬ್ಳಿದ್ಳು, ಬೇರೆ ಊರಿನ ಒಕ್ಲಗೇರೋಳು, ಬಾಯಿ ಜೋರು. ನಮ್ಮ ಮೇಕೆ ಒಂದಿನ ಅವಳ ಅವರೆ ಬಳ್ಳಿ ತಿಂದ್ಬುಡ್ತು ಅಂತ ಬಾಕ್ಲಿಗೆ ಬಂದು, "ಹಿಂದಿಲ್ಲ ಮುಂದಿಲ್ಲ, ಮೇಕೆ ಬೇರೆ ಕೇಡು ನಿಮ್ಗೆ!" ಅಂತ ಬೈದೋಳು ಆಮ್ಯಾಕೆ ಮೊಖ ಕೊಟ್ಟು ಮಾತಾಡಿರಲಿಲ್ಲ. ನಡುವೆ ಒಂದು ಗೋಡೆ ಕಣ್ರಪ್ಪ, ಅವಳು ರಾಗಿ ಬೀಸೋದು ನಂಗೆ ಕೇಳ್ತಿತ್ತು.

ಸುಗ್ಗಿ ಮುಗ್ದಿತ್ತು, ಒಂದಿನ ಬೆಳಿಗ್ಗೆ ಅತ್ತೆನ ಎಬ್ಬಿಸಾನಾ ಅಂತ ಮುಟ್ದೆ, ತಣ್ಣಗಿದ್ಲು. ಹೋಗ್ಬುಟ್ಟಿದ್ಲು. ಎದುರು ಮನೆ ಯಜಮಾನ್ನ ತಾವ ಹೋದೆ. "ಅಣ್ಣ, ನಮ್ಮತ್ತೆ ತೀರ್ಕಂಡ್ಬುಟ್ರು" ಅಂದೆ. ಅವ್ನು ಕೆಟ್ಟೋನಲ್ಲ ಪಾಪ, "ಅಯ್ಯೋ ಶಿವನೇ, ನಿಮ್ಮ ಜನಕ್ಕೆ ಹೇಳ್ಕಳಿಸವ್ವ" ಅಂದ. ಇನ್ನೊಂದು ಮನೆಗೋದೆ. "ನಿಮ್ಮೋರು ಬಂದ್ಮೇಲೆ ಹೇಳು, ಏನ್ ಬೇಕೋ ನೋಡಾನಾ" ಅಂದ್ರು. ಹೇಳ್ಕಳಿಸಕ್ಕೆ ಯಾರವ್ರೆ? ಕಳಿಸಿದ್ರೂ, ಪಟ್ಣದಲ್ಲಿರೋ ನಿಮ್ಮ ತಾತನ ಬುಟ್ರೆ ಇನ್ಯಾರ ತಾವಕ್ಕೆ? ವಾಪಸ್ ಬಂದು ಹೆಣದ ಪಕ್ಕ ಕೂತ್ಕಂಡೆ. ಬಾಕ್ಲಿಂದ ನೋಡ್ತೀನಿ, ಬೀದಿಲೆಲ್ಲ ಹೊಗೆ ಏಳ್ತಾದೆ, ಹಿಟ್ಟು ತೊಳಸ್ತಾವ್ರೆ. ನಮ್ಮೂರಾಗಿದ್ರೆ ಹೆಣ ಎತ್ತೋಗಂಟ ಆ ಬೀದಿಲಿ ಒಂದು ಒಲೆ ಉರೀತಿರಲಿಲ್ಲ. ಆ ಹೊಗೆ ನೋಡಿದ್ನಲ್ಲ, ಅವಾಗ ಅನ್ನಿಸ್ತು ಕಣ್ರಪ್ಪ ನಾನು ಒಬ್ಳೇ ಅಂತ. ಅಳಾನಾ ಅಂದ್ರೆ ಅಳು ಬರಲ್ಲ. ನಿಮ್ಗೊತ್ತಾ, ಒಬ್ಳೇ ಕೂತು ಸತ್ತೋರ್ಗೆ ಅಳಕ್ಕಾಗಲ್ಲ, ದನೀನೇ ಏಳಲ್ಲ. ಕೊನೆಗೆ ಎಂಗೋ, "ಅತ್ತೇ..." ಅಂತ ಒಂದು ಕೂಗು ಬಂತು, ಕರು ಅರಚ್ದಂಗೆ.

ಪಕ್ಕದ ಮನೇಲಿ ಸುಯ್ ಅಂತು. ಏನು ಅಂತೀರಾ? ಚಿಕ್ಕತಾಯಮ್ಮ ಉರಿಯೋ ಒಲೆಗೆ ನೀರು ಹುಯ್ದಿದ್ಳು. ಬೂದಿ ಕೈನಲ್ಲೇ ಬಂದು ಬಾಕ್ಲಲ್ಲಿ ನಿಂತ್ಲು. ನೋಡಿದ್ಲು. ನನ್ ಪಕ್ಕದಲ್ಲಿ ಕುಕ್ಕರ್ಸಿದ್ಲು. ಬಾಯಿ ತೆಗೆದು ಅಳಕ್ಕೋದೋಳು ಹಂಗೇ ನಿಲ್ಲಿಸ್ಬುಟ್ಲು.

"ಏನ್ ಹೆಸ್ರವ್ವ ಇವಮ್ಮಂದು?"

"ಕಾಳಮ್ಮ."

"ಎಷ್ಟು ಹೆತ್ತಿದ್ಲು?"

"ಏಳು. ಉಳ್ದೋರು ನಮ್ಮನೆಯೋರೊಬ್ರೇಯ."

"ಏನ್ ಕಂಡ್ರೆ ಆಸೆ?"

ನಾನು ಅಳ್ತಾ ಅಳ್ತಾ, "ಹುರುಳಿಕಟ್ಟಿನ ಸಾರು" ಅಂದೆ. "ಹೋದ ವಾರ ಕೇಳಿದ್ರು, ಹುರುಳಿ ಇರ್ಲಿಲ್ಲ" ಅಂದೆ.

ಅಷ್ಟೇ, ಅವಳು ದನಿ ಎತ್ತಿದ್ಲು ನೋಡಿ. "ಏಳು ಹೆತ್ತು ಒಂದು ಉಳಿಸ್ಕಂಡ ನನ್ನವ್ವಾ ಕಾಳವ್ವಾ, ನಮ್ಮನೇಲಿ ಹುರುಳಿ ಬೆಂದಾಗ ಗೋಡೆ ಆಚೆಗೆ ಇದ್ಯಲ್ಲವ್ವಾ, ಒಂದು ಬಟ್ಲು ಕೊಡ್ಲಿಲ್ವಲ್ಲವ್ವಾ ನಾ ಪಾಪಿ!" ಆ ದನಿ ಕೊಪ್ಪಲ್ನೆಲ್ಲ ಮುಟ್ತು. ಒಬ್ಬೊಬ್ಬರೇ ಹೆಂಗಸ್ರು ಬಂದ್ರು. ಬಂದೋರು ಮೆಲ್ಲಕ್ಕೆ ನನ್ ಕಿವಿ ತಾವ ಬಗ್ಗಿ ಒಂದೊಂದು ಕೇಳೋರು, ತವರು ಯಾವ್ದು, ಎಷ್ಟನೇ ವಯಸ್ಸಿಗೆ ಗಂಡ ಹೋದ, ಅಂತ. ಕೇಳ್ಕಂಡು ಅಳೋರು. ನಾನು ಎಲ್ಲ ಹೇಳ್ದೆ. ದಿನಾ ಬೀದಿ ಮನೆ ಎಣಿಸ್ತಿದ್ದಿದ್ದೂ ಹೇಳ್ದೆ. ಅದ ಕೇಳಿ ಒಂದು ಮುದುಕಿ ನಮ್ಮತ್ತೆನ ಬುಟ್ಟು ಮುಳುಗೋದ ತನ್ನೂರ್ಗೇ ಅಳಕ್ಕೆ ಸುರು ಮಾಡ್ಕಂಡ್ಲು. ಯಾರೂ ತಡೀಲಿಲ್ಲ.

ಗಂಡಸ್ರು ಹೊರ್ಗೇ ನಿಂತಿದ್ರು. "ಕುಲ ಬೇರೆ ಕಣವ್ವ, ನಾಳೆ ಅವ್ರೋರು ಬಂದು ಯಾಕ್ ಮುಟ್ಟಿದ್ರಿ ಅಂದ್ರೆ?" ಅಂದ ಎದುರು ಮನೆ ಯಜಮಾನ. ಚಿಕ್ಕತಾಯಮ್ಮ ಮೂಗು ಒರೆಸ್ಕಂಡು ಎದ್ಲು. "ನಾಳೆ ನೀನು ಸತ್ರೆ ನಿನ್ನೋರು ಎಲ್ಲಿಂದ ಬತ್ತಾರೆ? ನೀರೊಳಗಿಂದ ಎದ್ದು ಬತ್ತಾರಾ? ಹೋಗಿ ಚಟ್ಟಕ್ಕೆ ಬಿದ್ರು ಕಡ್ಕಂಡು ಬನ್ನಿ!" ಅಂದ್ಲು. ಅವ್ನು ಮಚ್ಚು ತಕ್ಕಂಡು ಹೋದ. ಹೆಗಲು ಕೊಟ್ಟೋರಲ್ಲಿ ಮೊದಲ್ನೋನು ಅವ್ನೇಯ.

ಪಟ್ಣಕ್ಕೆ ಆಳು ಕಳಿಸಿದ್ರು, ನಿಮ್ಮ ತಾತ ಮರ ತರಕ್ಕೆ ದೂರ ಹೋಗಿದ್ರಂತೆ, ಮಾರನೇ ದಿನ ಓಡ್ಬಂದ್ರು. ಎಲ್ಲ ಮುಗ್ದೋಗಿತ್ತು. ಕಂಬ ಹಿಡ್ಕಂಡು ನಿಂತ್ರು. "ಯಾರ್ ಎತ್ತಿದ್ರು ನಮ್ಮವ್ವನ್ನ?"

"ಊರ್ನೋರು" ಅಂದೆ.

"ಯಾವೂರ್ನೋರು?"

"ಈ ಊರ್ನೋರೇಯ."

ಆ ಮಾತು ನನ್ ಬಾಯಲ್ಲಿ ಅವತ್ತೇ ಮೊದ್ಲು ಬಂದಿದ್ದು. ಅಂಗಂತ ಒಂಟಿತನ ಹೊಂಟೋಯ್ತು ಅಂದ್ಕಬೇಡಿ. ಸಂಜೆ ಆದ್ರೆ ಮನೆ ಭಣಗುಟ್ಟದು, ಹೂಂ ಅನ್ನಕ್ಕೆ ಮಾತಾಡೋರೇ ಇಲ್ಲ. ಎಷ್ಟೋ ದಿನ ಸುಮ್ಸುಮ್ನೆ ಹೂಂ ಅಂದಿದ್ದೀನಿ. ಆದ್ರೆ ಬಾವಿ ತಾವ ನನ್ ಬಿಂದಿಗೆಗೂ ಒಬ್ರು ನೀರು ಹುಯ್ಯೋರು. ವರ್ಷ ಕಳೆದ್ಮೇಲೆ ಚಿಕ್ಕತಾಯಮ್ಮನ ಕೇಳ್ದೆ, ಮೊಖಾನೇ ನೋಡ್ದಿರೋಳ್ಗೆ ಅಷ್ಟೊಂದು ಎಂಗೆ ಅತ್ಬುಟ್ಟೆ ಅಂತ. "ನಮ್ಮವ್ವ ಸಾಯೋವಾಗ ನಾವು ಗುಡಿಸ್ಲು ಕಿತ್ತು ಗಾಡಿಗೆ ಹೇರ್ತಿದ್ವಿ. ಅಳಕ್ಕೆ ಪುರ್ಸೊತ್ತೇ ಆಗ್ಲಿಲ್ಲ ಕಣವ್ವ. ಅದು ಹಂಗೇ ಉಳ್ಕಂಡಿತ್ತು" ಅಂದ್ಲು.

ಅದ್ಕೇ ಹೇಳೋದು ನಿಮ್ಗೆ. ಯಾರಾದ್ರೂ ಹೊಸಬ್ರು ನಮ್ಮ ಬೀದಿಗೆ ಬಂದ್ರೆ ಎಷ್ಟು ಜನ, ಏನ್ ಕೆಲ್ಸ ಅಂತ ಆಮೇಲೆ ಕೇಳ್ಕಳಿ. ಮೊದ್ಲು ಅವ್ರವ್ವನ ಹೆಸ್ರು ಕೇಳ್ರಪ್ಪ. ಬದ್ಕಿರೋವಾಗ್ಲೇ ಕೇಳಿ.